ಮಾಟಗಾತಿ: ಒಂದು ಮಾತಿನ ಹುಟ್ಟು

ಮಾಟಗಾತಿ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಕೆದರಿದ ತಲೆ, ಗಿಣಿಮೂಗು, ಬೊಚ್ಚುಬಾಯಿ, ಕೈಯಲ್ಲೊಂದು ಕೋಲು. ಮಕ್ಕಳಿಗೆ ಬಣ್ಣದ ಪುಸ್ತಕ ಕೊಂಡು ತರುವ ಮನೆಗಳಲ್ಲಿ ಈ ಮುದುಕಿಗೆ ಚೂಪಾದ ಟೋಪಿಯೂ ಹಾರುವ ಪೊರಕೆಯೂ ಸೇರಿಕೊಂಡಿರುತ್ತವೆ. ಟೋಪಿ ಮತ್ತು ಪೊರಕೆ ಸಮುದ್ರದಾಚೆಯಿಂದ ಬಂದ ಸಾಮಾನು. ಕನ್ನಡ ನಾಡಿನ ಪೊರಕೆ ಗುಡಿಸುವುದೊಂದನ್ನು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ. ಆದರೆ ಹೆಸರು ಮಾತ್ರ ನಮ್ಮದೇ. ಚಿತ್ರ ಪರದೇಶದ್ದಾದರೂ ಹೆಸರು ನಮ್ಮದಾದ್ದರಿಂದ, ಆ ಹೆಸರು ಎಲ್ಲಿ ಹುಟ್ಟಿತು, ಹುಟ್ಟಿದಾಗ ಅದರ ಅರ್ಥ ಏನಿತ್ತು, ಬರಬರುತ್ತ ಏನಾಯಿತು ಎಂಬುದನ್ನು ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂದು ನನ್ನ ಆಸೆ.

ಹೆಸರನ್ನು ಬಿಡಿಸಿ ನೋಡೋಣ. ಮಾಟ ಎಂಬುದು ಒಂದು ಭಾಗ, ಗಾತಿ ಎಂಬುದು ಇನ್ನೊಂದು. ಗಾತಿ ಎಂಬುದು ಗಾರ ಎಂಬ ಪ್ರತ್ಯಯದ ಸ್ತ್ರೀರೂಪ. ಗಾರ್ತಿ ಎಂದೂ ಬರುವುದುಂಟು. ಹಾಡುಗಾರ, ಹಾಡುಗಾರ್ತಿ, ಓಟಗಾರ, ಓಟಗಾರ್ತಿ, ಮೋಸಗಾರ, ಮೋಸಗಾತಿ. ಈ ಗಾರ ಎಂಬುದು ಸಂಸ್ಕೃತದ ಕಾರ ಎಂಬುದರಿಂದ ಬಂದು ಕನ್ನಡದಲ್ಲಿ ಬೇರುಬಿಟ್ಟ ಪ್ರತ್ಯಯ. ಇಂಥ ತದ್ಧಿತ ಪ್ರತ್ಯಯಗಳಿಗಾಗಿ 13ನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಕಾರ ಎಂದರೆ ಮಾಡುವವನು. ಕುಂಭಕಾರ ಕುಂಭವನ್ನು ಮಾಡುವವನು, ಗ್ರಂಥಕಾರ ಗ್ರಂಥವನ್ನು ಮಾಡುವವನು.

ಇನ್ನು ಮಾಟ. ಕನ್ನಡದಲ್ಲಿ ಡು ಎಂದು ಮುಗಿಯುವ ಕೆಲವು ಧಾತುಗಳಿಂದ ಟ ಎಂದು ಮುಗಿಯುವ ನಾಮಪದಗಳು ಹುಟ್ಟುತ್ತವೆ. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಕೂಡು ಎಂಬುದರಿಂದ ಕೂಟ, ಕಾಡು ಎಂಬುದರಿಂದ ಕಾಟ. ಇದೇ ಸಾಲಿನಲ್ಲಿ ಮಾಡು ಎಂಬುದರಿಂದ ಮಾಟ. ಅಂದರೆ ಮಾಟ ಎಂಬುದರ ನೇರವಾದ ಅರ್ಥ ಮಾಡುವಿಕೆ, ಕೆಲಸ, ಅಷ್ಟೆ. ಈಗ ಎರಡು ಭಾಗಗಳನ್ನೂ ಕೂಡಿಸಿ ನೋಡಿ. ಮಾಟಗಾತಿ ಎಂದರೆ ಮಾಡುವುದನ್ನು ಮಾಡುವವಳು! ಮಾತಿನ ಮುಂದೆಯೂ ಮಾಡುವಿಕೆ, ಹಿಂದೆಯೂ ಮಾಡುವಿಕೆ. ಗಿಣಿಮೂಗಾಗಲಿ, ಕೋಲಾಗಲಿ, ಕೇಡಾಗಲಿ ಆ ಮಾತಿನ ಒಳಗೆ ಎಲ್ಲಿಯೂ ಇಲ್ಲ. ವ್ಯಾಕರಣದ ಪ್ರಕಾರ, ಪತ್ರಿಕೆಯ ಆಟದ ಪುಟದಲ್ಲಿ ಪದಕ ಗೆದ್ದು ನಗುತ್ತಿರುವ ಓಟಗಾರ್ತಿಯೂ ಈ ಮಾಟಗಾತಿಯೂ ಒಂದೇ ಮನೆಯ ಅಕ್ಕತಂಗಿಯರು.

ಮಾಟ ಎಂಬ ಮಾತಿಗೆ ಹಿಂದೆ ಒಳ್ಳೆಯ ಅರ್ಥವೇ ಇತ್ತು. ಇಂದಿಗೂ ಪೂರ್ತಿ ಹೋಗಿಲ್ಲ. ಹೆಣ್ಣು ನೋಡಿ ಬಂದ ಹಿರಿಯರು ‘ಮೂಗು ಮಾಟವಾಗಿದೆ’ ಎಂದರೆ, ಆ ಹುಡುಗಿಯ ಮೂಗಿಗೆ ಯಾರೋ ಮಂತ್ರ ಹಾಕಿದ್ದಾರೆಂದು ಯಾರೂ ಹೆದರುವುದಿಲ್ಲ. ಚೆನ್ನಾಗಿ ತಿದ್ದಿ ಮಾಡಿದಂತಿದೆ ಎಂದು ಅದರ ಅರ್ಥ. ಮಾಟವಾದ ಹುಬ್ಬು, ಮಾಟವಾದ ಮೈಕಟ್ಟು ಎನ್ನುತ್ತೇವೆ. ಒಳ್ಳೆಯ ಕೆಲಸಗಾರನ ಕೈಯಿಂದ ಹೊರಬಂದ ಅಂದವೇ ಮಾಟ.

12ನೆಯ ಶತಮಾನದ ಶರಣರ ಬಾಯಲ್ಲಿ ಈ ಮಾತು ಇನ್ನೂ ಮೇಲಕ್ಕೇರಿತು. ವಚನಗಳಲ್ಲಿ ಮಾಟ ಎಂದರೆ ಮಾಡುವ ಸೇವೆ, ಕಾಯಕ, ದಾಸೋಹ. ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಈ ಅರ್ಥದ ಮಾಟ ಬರುತ್ತದೆ. ಲಕ್ಕಮ್ಮ ಮತ್ತು ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮರಿಗೆ ಉಣಬಡಿಸುತ್ತಿದ್ದ ದಂಪತಿಗಳು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಿನದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದು ಕಥೆ. ಎಣಿಸಿಟ್ಟಂಥ ಶುದ್ಧವಾದ ಕೆಲಸ ಅದು. ಆ ಕಾಲದ ಅರ್ಥದಲ್ಲಿ ಮಾಟದ ಹೆಂಗಸು ಎಂದು ಯಾರನ್ನಾದರೂ ಕರೆಯುವುದಿದ್ದರೆ ಈ ತಾಯಿಯನ್ನೇ ಕರೆಯಬೇಕಾಗಿತ್ತು.

ಹಾಗಿದ್ದರೆ ಇಂಥ ಒಳ್ಳೆಯ ಮಾತಿಗೆ ಕೆಟ್ಟ ಅರ್ಥ ಅಂಟಿಕೊಂಡದ್ದು ಹೇಗೆ?

ಇದನ್ನು ತಿಳಿಯಬೇಕಾದರೆ ನಾವು ಹೆದರಿದಾಗ ಹೇಗೆ ಮಾತಾಡುತ್ತೇವೆ ಎಂಬುದನ್ನು ಗಮನಿಸಬೇಕು. ರಾತ್ರಿಯ ಹೊತ್ತು ಹಾವಿನ ಹೆಸರೆತ್ತಬಾರದೆಂದು ನಮ್ಮ ಹಿರಿಯರು ಅದನ್ನು ಹುಳ ಎನ್ನುತ್ತಿದ್ದರು. ಸಿಡುಬಿಗೆ ಅಮ್ಮ ಎಂಬ ಹೆಸರು. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಭಯಪಡಿಸುವ ವಸ್ತುವಿನ ಹೆಸರನ್ನು ನುಂಗಿ, ಸುತ್ತಿ ಬಳಸಿ ಹೇಳುವುದು ಎಲ್ಲ ಭಾಷೆಗಳ ಪದ್ಧತಿ. ಮನೆಯಲ್ಲಿ ಮಗು ಸೊರಗುತ್ತದೆ, ಹಸು ಹಾಲು ಕೊಡುವುದನ್ನು ನಿಲ್ಲಿಸುತ್ತದೆ, ಕೂಡಿಬಂದ ಮದುವೆ ಮುರಿಯುತ್ತದೆ. ಕಾರಣ ತಿಳಿಯದು. ಆಗ ಯಾರೋ ತಗ್ಗಿದ ದನಿಯಲ್ಲಿ ‘ಯಾರೋ ಮಾಡಿಸಿದ್ದಾರೆ’ ಎನ್ನುತ್ತಾರೆ. ಏನನ್ನು ಮಾಡಿಸಿದ್ದಾರೆ? ಅದನ್ನು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಹೀಗೆ, ಹೇಳದೆ ಬಿಟ್ಟ ಆ ಕೇಡಿನ ಹೆಸರು ಮಾಡು ಎಂಬ ಸಾಧುವಾದ ಧಾತುವಿನೊಳಗೆ ಸದ್ದಿಲ್ಲದೆ ಸೇರಿಕೊಂಡಿತು. ಮಾಟ ಎಂದರೆ ಕೆಲಸ ಎಂದಿದ್ದದ್ದು, ಹೆಸರು ಹೇಳಬಾರದ ಆ ಕೆಲಸ ಎಂದಾಯಿತು.

ಇದು ಕನ್ನಡಿಗರೊಬ್ಬರೇ ಹಿಡಿದ ದಾರಿಯಲ್ಲ. ತಮಿಳರು ಮಾಟಕ್ಕೆ ಸೆಯ್‌ವಿನೈ ಎನ್ನುತ್ತಾರೆ. ಸೆಯ್ ಎಂದರೆ ಮಾಡು, ವಿನೈ ಎಂದರೆ ಕೆಲಸ. ಮರಾಠಿಯ ಮಾತು ಕರಣಿ. ಅದೂ ಮಾಡು ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. 1510ರಲ್ಲಿ ಗೋವೆಯನ್ನು ಹಿಡಿದು ನಮ್ಮ ನೆರೆಯವರಾದ ಪೋರ್ಚುಗೀಸರ ಭಾಷೆಯಲ್ಲಿ ಮಾಟಕ್ಕೆ ಫೆಯ್ಟಿಸು ಎಂದು ಹೆಸರು. ಕೈಯಿಂದ ಮಾಡಿದ್ದು ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಮೂಲ. ಅದಕ್ಕೆ ಸ್ತ್ರೀಲಿಂಗದ ಪ್ರತ್ಯಯ ಹಚ್ಚಿದರೆ ಮಾಟಗಾತಿಗೆ ಅವರ ಹೆಸರು ಸಿದ್ಧವಾಗುತ್ತದೆ. ಕನ್ನಡದಲ್ಲಿ ಆದದ್ದೂ ಇದೇ. ಇಟಲಿಯವರು ಮಾಟಕ್ಕೆ ಬಳಸುವ ಫಾತ್ತೂರಾ ಎಂಬ ಮಾತು ಕೂಡ ಮಾಡು ಎಂಬುದರಿಂದ ಹುಟ್ಟಿದ್ದು. ಅಂಗಡಿಯವನು ಬರೆದುಕೊಡುವ ಬಿಲ್ಲಿಗೂ ಅವರಲ್ಲಿ ಅದೇ ಹೆಸರು. ಎರಡನ್ನು ಕಂಡರೂ ಮನೆಯ ಯಜಮಾನನಿಗೆ ಎದೆ ಝಲ್ಲೆನ್ನುವುದರಿಂದ ಇರಬಹುದು ಎಂದು ಬೇಕಾದರೆ ನಾವು ನಗಬಹುದು. ಒಬ್ಬರನ್ನೊಬ್ಬರು ಕಾಣದ ಜನ ಹೀಗೆ ಒಂದೇ ದಾರಿಯಲ್ಲಿ ನಡೆದಿದ್ದಾರೆಂದರೆ, ಆ ದಾರಿ ಮನುಷ್ಯನ ಮನಸ್ಸಿನೊಳಗೇ ಇರಬೇಕು.

ಇವೆಲ್ಲಕ್ಕೂ ಹಳೆಯದಾದ ಉದಾಹರಣೆ ಸಂಸ್ಕೃತದ ಕೃತ್ಯಾ ಎಂಬ ಮಾತು. ಕೃ ಎಂದರೆ ಮಾಡು. ಕೃತ್ಯ ಎಂದರೆ ಮಾಡಬೇಕಾದದ್ದು, ಮಾಡಿದ್ದು. ಅದೇ ಮಾತು ಸ್ತ್ರೀಲಿಂಗದಲ್ಲಿ ಕೃತ್ಯಾ ಎಂದಾದಾಗ ಅಭಿಚಾರ ಎಂದಾಗುತ್ತದೆ, ಅಭಿಚಾರದಿಂದ ಹುಟ್ಟಿ ಹಗೆಯ ಮೇಲೆ ಹರಿಹಾಯುವ ಹೆಣ್ಣುರೂಪದ ಶಕ್ತಿ ಎಂದೂ ಆಗುತ್ತದೆ. ಅಥರ್ವವೇದದ ಹತ್ತನೆಯ ಕಾಂಡದ ಮೊದಲ ಸೂಕ್ತ ಇವಳನ್ನು ಹಿಂದಕ್ಕೆ ಅಟ್ಟುವುದಕ್ಕಾಗಿಯೇ ಇರುವುದು. ಅಲ್ಲಿಯ ಕೃತ್ಯೆ ಕೈಯಿಂದ ಮಾಡಿದ ಒಂದು ಗೊಂಬೆ. ಅವಳಿಗೆ ತಲೆ, ಮೂಗು, ಕಿವಿಗಳನ್ನು ಇಟ್ಟಿದ್ದಾರೆ. ಮದುವೆಗೆ ಹೊರಟ ವಧುವಿನಂತೆ ಸಿಂಗರಿಸಿದ್ದಾರೆ. ಮಾಟ ಎಂಬುದರ ಎರಡು ಅರ್ಥಗಳೂ, ಅಂದವೂ ಅಭಿಚಾರವೂ, ಅಲ್ಲಿ ಒಂದೇ ಗೊಂಬೆಯಲ್ಲಿ ಕೂಡಿವೆ. ಅದನ್ನು ಓದಿದವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಗೊಂಬೆಯನ್ನು ಮಾಡಿದವರು ಯಾರಾದರೂ ಆಗಿರಲಿ, ಶೂದ್ರನಾಗಲಿ, ರಾಜನಾಗಲಿ, ಹೆಂಗಸಾಗಲಿ, ಬ್ರಾಹ್ಮಣರಾಗಲಿ, ಅವಳು ತನ್ನನ್ನು ಮಾಡಿದವರ ಬಳಿಗೇ ಹಿಂದಿರುಗಲಿ ಎಂದು ಸೂಕ್ತ ಬೇಡಿಕೊಳ್ಳುತ್ತದೆ. ಅಂದರೆ ಆ ಕಾಲದ ಜನರ ತಿಳಿವಿನಲ್ಲಿ ಮಾಟ ಮಾಡುವುದು ಹೆಂಗಸರ ಗುತ್ತಿಗೆಯಾಗಿರಲಿಲ್ಲ. ಗೊಂಬೆ ಹೆಣ್ಣು, ಮಾಡಿದವರು ಯಾರೂ ಆಗಬಹುದು.

ಮುಂದೆ ಪುರಾಣಗಳಲ್ಲಿ ಈ ಕೃತ್ಯೆ ಬಂದಾಗಲೂ ಹಾಗೆಯೇ. ಭಾಗವತದ ಅಂಬರೀಷನ ಕಥೆ ನಿಮಗೆಲ್ಲ ತಿಳಿದದ್ದು. ಅಂಬರೀಷನ ಮೇಲೆ ಕೃತ್ಯೆಯನ್ನು ಬಿಟ್ಟವರು ಸಿಟ್ಟಿಗೆದ್ದ ದೂರ್ವಾಸ ಮುನಿಗಳು. ತಮ್ಮ ಜಟೆಯನ್ನು ಕಿತ್ತು ಅವಳನ್ನು ಸೃಷ್ಟಿಸಿದರು. ಭಾರತದ ವನಪರ್ವದಲ್ಲಿ ಅಭಿಮಾನಭಂಗವಾಗಿ ಪ್ರಾಯೋಪವೇಶಕ್ಕೆ ಕುಳಿತ ದುರ್ಯೋಧನನನ್ನು ಪಾತಾಳಕ್ಕೆ ಎತ್ತಿಕೊಂಡು ಹೋಗುವವಳೂ ಒಬ್ಬ ಕೃತ್ಯೆಯೇ. ಅವಳನ್ನು ಹೋಮದಿಂದ ಎಬ್ಬಿಸಿದವರು ದಾನವರು. ಸಂಕಲ್ಪ ಗಂಡಸಿನದು, ಸಿಟ್ಟು ಗಂಡಸಿನದು, ರೂಪ ಮಾತ್ರ ಹೆಂಗಸಿನದು. ಕಥೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ರೂಪ. ಮಾಡಿದವನನ್ನು ಮರೆತು, ಮಾಡಲ್ಪಟ್ಟವಳನ್ನೇ ಮಾಡಿದವಳೆಂದು ತಿಳಿಯುವ ಅಭ್ಯಾಸಕ್ಕೆ ಇಲ್ಲಿಯೇ ಬೀಜ ಬಿದ್ದಿರಬಹುದು ಎಂದು ನನಗೆ ತೋರುತ್ತದೆ.

ಕನ್ನಡ ನಿಘಂಟಿನಲ್ಲಿ ಈ ಅಭ್ಯಾಸಕ್ಕೆ ಇನ್ನೊಂದು ಸಾಕ್ಷಿ ಇದೆ. ಸಂಸ್ಕೃತದ ವಿಜ್ಞಾನ ಎಂಬ ಮಾತು ತದ್ಭವವಾಗಿ ಕನ್ನಡದಲ್ಲಿ ಬಿನ್ನಾಣ ಎಂದಾಗಿದೆ. ಕೌಶಲ, ಕೆಲಸದ ಜಾಣ್ಮೆ ಎಂದು ಅದರ ಹಳೆಯ ಅರ್ಥ. ಆ ಬಿನ್ನಾಣ ಇರುವ ಗಂಡಸು ಬಿನ್ನಾಣಿ. ಅಂದರೆ ಜಾಣ, ಕುಶಲಿ. ಅದೇ ಬಿನ್ನಾಣ ಹೆಂಗಸಿನಲ್ಲಿದ್ದರೆ ಅವಳು ಬಿನ್ನಾಣಗಿತ್ತಿ. ಆಗ ಅದರ ಅರ್ಥ ಒಯ್ಯಾರದವಳು, ಮರುಳು ಮಾಡುವವಳು ಎಂದು! ಗಂಡಸಿನ ಕೈಯಲ್ಲಿ ವಿಜ್ಞಾನವಾದದ್ದು ಹೆಂಗಸಿನ ಕೈಯಲ್ಲಿ ಮರುಳಾಯಿತು. ಮದ್ದು ಎಂಬ ಮಾತಿಗೂ ಇಂಥದೇ ಇಬ್ಬಗೆ. ಪಂಡಿತರು ಕೊಟ್ಟರೆ ಮದ್ದು ಔಷಧ. ಮಗ ಹೆಂಡತಿಯ ಮಾತನ್ನು ಸ್ವಲ್ಪ ಹೆಚ್ಚಾಗಿ ಕೇಳತೊಡಗಿದನೋ, ‘ಏನೋ ಮದ್ದು ಹಾಕಿದ್ದಾಳೆ ಕಣಮ್ಮ’ ಎಂದು ನೆರೆಮನೆಯಿಂದ ತೀರ್ಪು ಬರುತ್ತದೆ. ಸೊಸೆ ಹಾಕಿದ್ದು ಹದವರಿತ ಒಗ್ಗರಣೆಯೇ ಆಗಿದ್ದರೂ ಹೇಳುವವರ ಬಾಯಿ ಕಟ್ಟುವಂತಿಲ್ಲ.

ಮಾಟಗಾತಿಗೆ ಹತ್ತಿರದ ಇನ್ನೆರಡು ಮಾತುಗಳ ಗತಿಯನ್ನೂ ನೋಡೋಣ. ಒಂದು ಯಕ್ಷಿಣಿ. ಯಕ್ಷಿಯರು ನಮ್ಮ ದೇಶದ ಬಹಳ ಹಳೆಯ ದೇವತೆಗಳು. ಮರ, ನೀರು, ಬೆಳೆ, ಸಂತಾನ ಇವುಗಳೊಡನೆ ಸೇರಿದವರು. ಪಾಟ್ನಾದ ಬಳಿ ಗಂಗೆಯ ದಡದಲ್ಲಿ 1917ರಲ್ಲಿ ಸಿಕ್ಕಿದ, ಚಾಮರ ಹಿಡಿದ ದೀದಾರ್‌ಗಂಜಿನ ಯಕ್ಷಿಯ ಚಿತ್ರವನ್ನು ಶಾಲೆಯ ಪುಸ್ತಕಗಳಲ್ಲಿ ನೀವು ನೋಡಿರಬಹುದು. ಜೈನರಲ್ಲಿ ತೀರ್ಥಂಕರರ ಸೇವೆಯಲ್ಲಿರುವ ಶಾಸನದೇವತೆಗಳಾಗಿ ಯಕ್ಷಿಯರಿಗೆ ಪೂಜೆ ಸಲ್ಲುತ್ತದೆ. ಹೊಂಬುಜದ ಪದ್ಮಾವತಿ ಅಂಥವಳು, ಶ್ರವಣಬೆಳಗೊಳದ ಕೂಷ್ಮಾಂಡಿನಿ ಅಂಥವಳು. ಬೆಳಗೊಳದಲ್ಲಿ ಗುಳ್ಳಕಾಯಜ್ಜಿಯ ಕಥೆಯನ್ನು ಕೇಳದೆ ಬಂದವರಿಲ್ಲ. 10ನೆಯ ಶತಮಾನದ ಕೊನೆಯಲ್ಲಿ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಹೊಯ್ಯಿಸಿದರೂ ಅಭಿಷೇಕ ಪೂರ್ಣವಾಗಲಿಲ್ಲವಂತೆ. ಗುಳ್ಳಕಾಯಿಯ ಚಿಪ್ಪಿನಲ್ಲಿ ಇಷ್ಟೇ ಹಾಲು ಹಿಡಿದು ಬಂದ ಮುದುಕಿಯೊಬ್ಬಳು ಅದನ್ನು ಎರೆದಾಗ, ಹಾಲು ಮೂರ್ತಿಯ ಅಡಿಯವರೆಗೂ ಹರಿಯಿತಂತೆ. ಅವಳು ಕೂಷ್ಮಾಂಡಿನಿಯೇ ಎಂದು ನಂಬಿಕೆ. ಇಂದಿಗೂ ಆ ಅಜ್ಜಿ ಗೊಮ್ಮಟನಿಗೆ ಎದುರಾಗಿ ಕಲ್ಲಿನಲ್ಲಿ ನಿಂತಿದ್ದಾಳೆ. ಅದ್ಭುತವನ್ನು ಮಾಡಿದ ಮುದುಕಿಯನ್ನು ಹೇಗೆ ಕಾಣಬೇಕೆಂಬುದಕ್ಕೆ ನಮ್ಮ ನಾಡಿನದೇ ಒಂದು ಮೇಲ್ಪಂಕ್ತಿ ಇದು.

ಆದರೆ ಊರಿನ ಮಾತಿನಲ್ಲಿ ಯಕ್ಷಿಣಿ ಏನಾಯಿತು? ಕಣ್ಕಟ್ಟು, ಕೈಚಳಕ ಎಂದಾಯಿತು. ಟೋಪಿಯಿಂದ ಪಾರಿವಾಳ ತೆಗೆಯುವುದು ಯಕ್ಷಿಣಿ ವಿದ್ಯೆ. ಅದನ್ನು ತೋರಿಸುವವನು ಯಕ್ಷಿಣಿಗಾರ. ಹೆಣ್ಣುದೇವತೆ ಹೆಸರನ್ನಷ್ಟೆ ಕೊಟ್ಟು ಮರೆಯಾದಳು, ರಂಗದ ಮೇಲೆ ಗಂಡಸು ಬಂದು ನಿಂತ. ಅವನಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಮಾಟವನ್ನು ತೆಗೆಯುತ್ತೇನೆಂದು ಬರುವ ಮಾಂತ್ರಿಕನಿಗೆ ದಕ್ಷಿಣೆ, ತೆಂಗಿನಕಾಯಿ, ಕೋಳಿ. ಮಾಟ ಮಾಡಿದಳೆಂದು ಹೆಸರು ಹೊತ್ತವಳಿಗೆ ಮಾತ್ರ ಕಲ್ಲು. ಮೂರೂ ಮಾತುಗಳು ಒಂದೇ ವಿದ್ಯೆಯ ಸುತ್ತ ಹುಟ್ಟಿದವು. ಸಲ್ಲುವ ಮರ್ಯಾದೆ ಮಾತ್ರ ಮೂರು ಬಗೆ.

ಇನ್ನೊಂದು ಮಾತು ಡಾಕಿನಿ. ಹಿಮಾಲಯದ ಆಚೆಗೆ ಬೌದ್ಧಧರ್ಮದೊಡನೆ ಹೋದ ಈ ಮಾತನ್ನು ಟಿಬೆಟಿನವರು ಆಕಾಶದಲ್ಲಿ ಸಂಚರಿಸುವವಳು ಎಂಬರ್ಥದ ಮಾತಿನಿಂದ ತಮ್ಮ ಭಾಷೆಗೆ ತಂದುಕೊಂಡರು. ಅವರಲ್ಲಿ ಅವಳು ಜ್ಞಾನವನ್ನು ಕೊಡುವವಳು, ಕೈಮುಗಿಸಿಕೊಳ್ಳುವವಳು. ನಮ್ಮ ಬೈಲುಕುಪ್ಪೆಯಲ್ಲಿ ನೆಲಸಿರುವ ಟಿಬೆಟಿಯನ್ನರಿಗೂ ಅವಳು ಪೂಜ್ಯಳೇ. ಅದೇ ಡಾಕಿನಿ ಹಿಮಾಲಯದ ಈಚೆಗೆ, ಹಿಂದಿಯಲ್ಲಿ ಡಾಯನ್ ಎಂದೂ ಅಸ್ಸಾಮಿನಲ್ಲಿ ಡೈನಿ ಎಂದೂ ಸವೆದು, ಮಕ್ಕಳನ್ನು ತಿನ್ನುವ ಮಾಟಗಾತಿಯಾದಳು. ಒಂದೇ ಮಾತಿಗೆ ಬೆಟ್ಟದ ಆಚೆ ದೀಪ, ಈಚೆ ದೊಣ್ಣೆ.

ದೊಣ್ಣೆ ಎಂದದ್ದು ಮಾತಿನ ಅಲಂಕಾರಕ್ಕಾಗಿ ಅಲ್ಲ. ಒಂದು ಪದದ ವ್ಯುತ್ಪತ್ತಿಗಾಗಿ ಇಷ್ಟು ಹೊತ್ತು ನಿಮ್ಮನ್ನು ಕೂರಿಸಿಕೊಂಡಿರುವುದಕ್ಕೆ ಕಾರಣವೂ ಅದೇ. ನಮ್ಮ ದೇಶದಲ್ಲಿ ಪ್ರತಿ ವರ್ಷ ಆಗುವ ಕೊಲೆಗಳ ಕಾರಣಗಳನ್ನು ಪಟ್ಟಿ ಮಾಡುವ ಸರ್ಕಾರದ ವರದಿಯಲ್ಲಿ ಆಸ್ತಿ, ದ್ವೇಷ ಮುಂತಾದುವುಗಳ ಜೊತೆಗೆ ಮಾಟದ ಅಪವಾದಕ್ಕೂ ಒಂದು ಕಲಮು ಇದೆ. ಹೆಂಗಸರನ್ನು ಡಾಯನ್ ಎಂದು ಕರೆದು ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲಿ ಕಾಯಿದೆ ಮಾಡಿತು. ಅಲ್ಲಿಯ ಟೋನಹಿ ಎಂಬ ಮಾತನ್ನೇ ಹೆಸರಿನಲ್ಲಿಟ್ಟು ಛತ್ತೀಸಗಡ 2005ರಲ್ಲಿ ಕಾಯಿದೆ ಮಾಡಿತು. ಒಡಿಶಾ 2013ರಲ್ಲಿ, ರಾಜಸ್ಥಾನ ಮತ್ತು ಅಸ್ಸಾಂ 2015ರಲ್ಲಿ ಇದೇ ದಾರಿ ಹಿಡಿದವು. ಒಂದು ಬೈಗುಳವನ್ನು ಬಾಯಿಂದ ಆಡುವುದೇ ಅಪರಾಧವೆಂದು ಕಾನೂನು ಬರೆಯಬೇಕಾಗಿ ಬಂತೆಂದರೆ, ಆ ಮಾತಿನ ಏಟು ಎಷ್ಟು ದೊಡ್ಡದಿರಬೇಕು ಎಂಬುದನ್ನು ನೀವೇ ಊಹಿಸಿ.

ಆ ಏಟನ್ನು ತಿಂದೂ ಎದ್ದು ನಿಂತ ಇಬ್ಬರು ಹೆಂಗಸರನ್ನು ಭಾರತ ಸರ್ಕಾರ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯಿಂದ ಗೌರವಿಸಿತು. ಒಬ್ಬರು ಝಾರ್ಖಂಡದ ಛುಟ್ನಿ ಮಹತೋ. 1995ರಲ್ಲಿ ಊರಿನವರು ಡಾಯನ್ ಎಂದು ಹೆಸರಿಟ್ಟು ಹಿಂಸಿಸಿದಾಗ ಅವರು ಮನೆ ಬಿಟ್ಟು ಹೊರಡಬೇಕಾಯಿತು. ಆಮೇಲಿನ ಬದುಕನ್ನು ತಮ್ಮಂತೆಯೇ ಅಪವಾದ ಹೊತ್ತ ಹೆಂಗಸರನ್ನು ಕಾಪಾಡುವುದಕ್ಕೆ ಮೀಸಲಿಟ್ಟರು. ಇನ್ನೊಬ್ಬರು ಅಸ್ಸಾಮಿನ ಬೀರುಬಾಲಾ ರಾಭಾ. ಅವರ ಮಗನಿಗೆ ಕಾಯಿಲೆಯಾದಾಗ ಮಂತ್ರವಾದಿಯೊಬ್ಬನು ಮೂರು ದಿನಗಳಲ್ಲಿ ಹುಡುಗ ಸಾಯುವನೆಂದು ಹೇಳಿದ. ಹುಡುಗ ಬದುಕಿದ. ಅಂದಿನಿಂದ ಆ ತಾಯಿ ಮಂತ್ರವಾದಿಗಳ ಮಾತನ್ನು ಪ್ರಶ್ನಿಸತೊಡಗಿದರು. ಡೈನಿ ಎಂದು ಕರೆಸಿಕೊಂಡ ಅನೇಕರ ಪ್ರಾಣ ಉಳಿಸಿದರು. 2024ರಲ್ಲಿ ಅವರು ತೀರಿಕೊಂಡರು. ಇಂಥ ಅಪವಾದ ಹೆಚ್ಚಾಗಿ ಯಾರ ಮೇಲೆ ಬರುತ್ತದೆಂದು ವಿಚಾರಿಸಿದರೆ, ಒಂಟಿಯಾಗಿರುವ ವಿಧವೆ, ಒಂದಿಷ್ಟು ಜಮೀನು ಉಳ್ಳವಳು, ಮಕ್ಕಳಿಲ್ಲದವಳು, ನಾರುಬೇರು ಬಲ್ಲವಳು, ಎದುರು ಮಾತಾಡುವವಳು ಎಂಬ ಉತ್ತರ ಸಿಗುತ್ತದೆ. ಕೇಳಿದರೆ ಕಾರಣ ಮಾಟ ಎನ್ನುತ್ತಾರೆ. ಕೆದಕಿ ನೋಡಿದರೆ ಎಷ್ಟೋ ಸಲ ಕೆಳಗೆ ಜಮೀನಿನ ಪತ್ರ ಇರುತ್ತದೆ.

ನಮ್ಮ ನಾಡಿನಲ್ಲಿ ಇದೆಲ್ಲ ಇಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ. ಕಲಬುರಗಿ, ಬೀದರ ಕಡೆಗಳಲ್ಲಿ ಬಾನಾಮತಿ ಎಂಬ ಹೆಸರಿನಲ್ಲಿ ಇದೇ ಭಯ ಮನೆಮನೆಗಳನ್ನು ಕಾಡಿದೆ. ಆ ಹೆಸರು ಕಿವಿಗೆ ಬೀಳುವುದೂ ಹೆಂಗಸಿನ ಹೆಸರಿನಂತೆಯೇ ಅಲ್ಲವೆ? ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವುದಕ್ಕಾಗಿ ಕರ್ನಾಟಕ 2017ರಲ್ಲಿ ಮಾಡಿದ ಕಾಯಿದೆ 2020ರ ಜನವರಿಯಿಂದ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮಾಟದ ಹೆಸರು ಹೇಳಿ ಗಾಬರಿ ಹುಟ್ಟಿಸುವುದು ಅದರ ಪ್ರಕಾರ ಶಿಕ್ಷೆಗೆ ಗುರಿಯಾಗುವ ಕೆಲಸಗಳು.

ಕಾಯಿದೆ ತನ್ನ ಕೆಲಸ ಮಾಡಲಿ. ಮಾತನ್ನು ಆಡುವ ನಮಗೂ ಒಂದು ಕೆಲಸ ಇದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಓದು ಬರಹ ಬಾರದ ಅವರು ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿದರೆಂದು ನಾಡು ಕೊಂಡಾಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸೂಲು ಎಂದರೆ ಹೆರಿಗೆ. ಬಸುರಿಯ ಹೊಟ್ಟೆಯನ್ನು ಮುಟ್ಟಿ ಮಗುವಿನ ಇರವನ್ನು ತಿಳಿಯುವ ಕೈ, ಕಾಡಿನ ಸೊಪ್ಪಿನ ಗುಣವನ್ನು ಬಲ್ಲ ಕಣ್ಣು, ನೋಡುವವರಿಗೆ ತಿಳಿಯದಂತೆ ನಡೆಯುವ ಕೆಲಸ: ಇವನ್ನೆಲ್ಲ ಕಂಡು ಅವರ ಊರಿನವರು ಅವರ ಹೆಸರಿನ ಹಿಂದೆ ಸೂಲಗಿತ್ತಿ ಎಂದು ಸೇರಿಸಿ ಗೌರವಿಸಿದರು. ಇದೇ ಕೈ, ಇದೇ ಕಣ್ಣು, ಇದೇ ಕೆಲಸ ಬೇರೊಂದು ಊರಿನಲ್ಲಿ, ಒಂದು ಮಗು ಉಳಿಯದೆ ಹೋದ ದಿನ, ಇನ್ನೊಂದು ಹೆಸರನ್ನು ಪಡೆಯಬಹುದಾಗಿತ್ತು. ಆ ಇನ್ನೊಂದು ಹೆಸರನ್ನು ಇಡುವವರು ಮಂತ್ರವಾದಿಗಳಷ್ಟೇ ಅಲ್ಲ. ಜಗುಲಿಯ ಮೇಲೆ, ನಲ್ಲಿಯ ಬಳಿ, ಮದುವೆಯ ಮನೆಯ ಪಡಸಾಲೆಯಲ್ಲಿ ಕುಳಿತು ಮಾತಾಡುವ ನಾವು ನೀವು ಇಡುವ ಹೆಸರು ಅದು.

ಆದ್ದರಿಂದ ಒಂದು ಸಣ್ಣ ಉಪಾಯವನ್ನು ನಿಮಗೆ ಹೇಳಿ ಮುಗಿಸುತ್ತೇನೆ. ಇದು ಶಾಲೆಯಲ್ಲಿ ನಾವೆಲ್ಲ ಕಲಿತ ವ್ಯಾಕರಣವೇ. ವಾಕ್ಯಕ್ಕೆ ಕರ್ತೃ ಬೇಕು, ಕರ್ಮ ಬೇಕು, ಕ್ರಿಯೆ ನಡೆಯುವುದಕ್ಕೆ ಕರಣ ಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲವೆ? ‘ಯಾರೋ ಏನೋ ಮಾಡಿಸಿದ್ದಾರೆ’ ಎಂಬ ಮಾತು ನಿಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಎದ್ದ ದಿನ, ಸಮಾಧಾನವಾಗಿ ಈ ಮೂರನ್ನೂ ಕೇಳಿ. ಮಾಡಿದವರು ಯಾರು? ಮಾಡಿದ್ದು ಏನು? ಯಾವುದರಿಂದ ಮಾಡಿದರು? ಮೂರಕ್ಕೂ ಉತ್ತರ ಬಾರದಿದ್ದರೆ ಆ ವಾಕ್ಯ ಅಪೂರ್ಣವೆಂದು ತಿಳಿಯಿರಿ. ಅಪ್ಪಿತಪ್ಪಿಯೂ ಆ ಖಾಲಿ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರನ್ನು ತುಂಬಬೇಡಿ. ಮಗುವಿಗೆ ಜ್ವರವಿದ್ದರೆ ಡಾಕ್ಟರನ್ನು ಕರೆಯಿರಿ, ಹಸು ಸೊರಗಿದ್ದರೆ ದನದ ಡಾಕ್ಟರನ್ನು ಕರೆಯಿರಿ.

ಮಾಟಗಾತಿ ಮಕ್ಕಳ ಕಥೆಯಲ್ಲಿ ಬೇಕಾದರೆ ಇರಲಿ. ರಾಜಕುಮಾರನನ್ನು ಕುರಿ ಮಾಡಲಿ, ಗಿಣಿ ಮಾಡಲಿ, ಕಥೆ ಮುಗಿಯುವ ಹೊತ್ತಿಗೆ ಮತ್ತೆ ರಾಜಕುಮಾರನನ್ನಾಗಿಯೂ ಮಾಡಲಿ. ಕಥೆ ಕೇಳುತ್ತ ಕೇಳುತ್ತ ಮಗು ‘ಅಜ್ಜಿ, ಮಾಟಗಾತಿ ಅಂದರೆ ಯಾರು?’ ಎಂದು ಕೇಳಿದರೆ, ಹೆದರಿಸದೆ, ಆ ಮಾತಿನ ಹುಟ್ಟನ್ನೇ ಹೇಳಿ: ಕೆಲಸ ಬಲ್ಲವಳು ಮಗು, ಅವಳ ಕೆಲಸ ನಮಗೆ ತಿಳಿಯದೆ ಹೋಯಿತು, ಅಷ್ಟೆ.